ಮೂಗು, ಬಣ್ಣ, ಬೊಜ್ಜು, ಕೂದಲು: ಪಾರ್ಲರ್‌ನಲ್ಲಿ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ಮದುಮಗಳ ಮೇಕಪ್ ಮಾಡಲು ಶುರು ಮಾಡಿ ನನಗೆ 22 ವರ್ಷ ಆಯಿತು. ಮೊದಲೆಲ್ಲ ಹುಡುಗಿಯರು ಕುರ್ಚಿಯಲ್ಲಿ ಕುಳಿತು, ಒಬ್ಬ ನಟಿಯ ಫೋಟೋ ತೋರಿಸಿ, "ಈ ಥರ ಮೇಕಪ್ ಮಾಡ್ರಿ ಅಕ್ಕೋರೆ" ಅನ್ನುತ್ತಿದ್ದರು. ಈಗ ಅದೇ ಫೋಟೋ ತೋರಿಸಿ, "ಈ ಮೂಗು ಎಲ್ಲಿ ಮಾಡ್ತಾರ್ರೀ?" ಎಂದು ಕೇಳುತ್ತಾರೆ. ಕೇಳುವಾಗ ದನಿ ತಗ್ಗಿಸುತ್ತಾರೆ. ಪಕ್ಕದ ಕುರ್ಚಿಯಲ್ಲಿ ಅವರ ಅತ್ತಿಗೆ ಇರುತ್ತಾಳಲ್ಲ, ಅದಕ್ಕೆ.

ನಾನು ಡಾಕ್ಟರ್ ಅಲ್ಲ. ಆದರೆ ದಿನಾ ಮುಖಗಳನ್ನು ಹತ್ತಿರದಿಂದ ನೋಡುತ್ತೇನೆ. ಗೊತ್ತಿಲ್ಲದ್ದನ್ನು ಚರ್ಮದ ಡಾಕ್ಟರರ ಹತ್ತಿರ ಕೇಳಿ ತಿಳಿದುಕೊಂಡಿದ್ದೇನೆ. ಕೆಳಗಿರುವುದೆಲ್ಲ ಆ ತಗ್ಗಿದ ದನಿಯ ಪ್ರಶ್ನೆಗಳೇ.

ಸಿನಿಮಾ, ಸೀರಿಯಲ್‌ನವರೆಲ್ಲ ಸರ್ಜರಿ ಮಾಡಿಸಿಕೊಂಡೇ ಇರ್ತಾರಾ?

ಇಲ್ಲ. ಕೆಲವರು ಮಾಡಿಸಿಕೊಂಡಿರುತ್ತಾರೆ, ತುಂಬಾ ಜನ ಮಾಡಿಸಿಕೊಂಡಿರುವುದಿಲ್ಲ. ಮೂಗಿನ ಎರಡೂ ಬದಿಗೆ ಒಂದು ಗೆರೆ ಗಾಢ ಬಣ್ಣ, ನಡುವೆ ಒಂದು ಗೆರೆ ತಿಳಿ ಬಣ್ಣ ಹಚ್ಚಿ ತಿದ್ದಿದರೆ ಯಾವ ಮೂಗೂ ಸಣ್ಣಗೆ ಕಾಣುತ್ತದೆ. ಇದನ್ನು ನಾನೇ ವಾರಕ್ಕೆ ನಾಲ್ಕು ಸಲ ಮಾಡುತ್ತೇನೆ. ಅದರ ಮೇಲೆ ಲೈಟು, ಕ್ಯಾಮೆರಾ, ಆಮೇಲೆ ಕಂಪ್ಯೂಟರಿನಲ್ಲಿ ಚರ್ಮವನ್ನು ನಯ ಮಾಡುವ ಕೆಲಸ. ತೂಕ ಇಳಿದರೂ ಮುಖ ಬದಲಾಗುತ್ತದೆ, ಹಲ್ಲಿಗೆ ಕ್ಲಿಪ್ ಹಾಕಿದರೂ ಬದಲಾಗುತ್ತದೆ, ವಯಸ್ಸಾದರೂ ಬದಲಾಗುತ್ತದೆ.

2018ರ ಫೆಬ್ರುವರಿಯಲ್ಲಿ ಶ್ರೀದೇವಿ ದುಬೈನಲ್ಲಿ ತೀರಿಕೊಂಡಾಗ, ಸುದ್ದಿ ಬಂದ ಅರ್ಧ ದಿನದಲ್ಲೇ "ಸರ್ಜರಿ ಮಾಡಿಸ್ಕೊಂಡು ಮಾಡಿಸ್ಕೊಂಡೇ ಹೋದಳು" ಎನ್ನುವ ಮಾತು ನನ್ನ ಪಾರ್ಲರ್‌ವರೆಗೂ ಬಂತು. ಬಾತ್‌ಟಬ್‌ನಲ್ಲಿ ಆಕಸ್ಮಿಕವಾಗಿ ಮುಳುಗಿ ಸಾವು ಎಂದು ಅಲ್ಲಿಯ ಅಧಿಕಾರಿಗಳು ಹೇಳಿದರು. ಸರ್ಜರಿಯ ಆ ಮಾತು ಆಡಿದವರಲ್ಲಿ ನಾನೂ ಇದ್ದೆ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಹಿಂದಿನ ಕಾಲದಲ್ಲಿ ಚಂದ ಅಂದ್ರೆ ಏನಿತ್ತು?

ನಮ್ಮಪ್ಪ ನಾಟಕದವರಿಗೆ ಬಣ್ಣ ಹಚ್ಚುತ್ತಿದ್ದರು. ಶರಣಬಸವೇಶ್ವರ ಜಾತ್ರೆಗೆ ನಾಟಕದ ಕಂಪನಿಗಳು ಬಂದು ಟೆಂಟ್ ಹಾಕಿದರೆ ಮನೆಗೆ ಬರುವುದು ಬೆಳಗಿನ ಜಾವವೇ. ಅವರ ತಗಡಿನ ಪೆಟ್ಟಿಗೆ ನನ್ನ ಹತ್ತಿರ ಈಗಲೂ ಇದೆ. ಮುಚ್ಚಳ ತೆಗೆದರೆ ಕೊಬ್ಬರಿ ಎಣ್ಣೆಯ ಕಮಟು ವಾಸನೆ. ಒಳಗೆ ಜಿಂಕ್ ಪುಡಿ ಮೆತ್ತಿಕೊಂಡ ಪಿಂಗಾಣಿ ಬಟ್ಟಲು, ಇಂಗಳೀಕದ ಕೆಂಪು ಹತ್ತಿದ ಬಟ್ಟೆ, ಕಾಡಿಗೆಯ ಕಡ್ಡಿ. ಜಿಂಕ್ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ದಪ್ಪಗೆ ಬಳಿಯುತ್ತಿದ್ದರು. ಯಾಕೆ ಅಷ್ಟು ಬೆಳ್ಳಗೆ ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. "ಹಿಂದ್ ಕುಂತ ಮಂದಿಗೆ ಮಾರಿ ಕಾಣ್ಬೇಕಲ್ಲವ್ವ" ಅಂದಿದ್ದರು. ಅಷ್ಟೇ ಕಾರಣ. ಮಂದ ಬೆಳಕಿನಲ್ಲಿ ಕೊನೆಯ ಸಾಲಿಗೆ ಕಣ್ಣು ಬಾಯಿ ಕಾಣಬೇಕು. ಆಮೇಲೆ ಕ್ಯಾಮೆರಾ ಮುಖದ ಹತ್ತಿರವೇ ಬಂತು, ಆ ಕಾರಣ ಹೋಯಿತು. ಬಿಳಿ ಬಣ್ಣ ಮಾತ್ರ ಉಳಿದುಕೊಂಡಿತು.

ಇನ್ನೊಂದು ವಿಷಯ. ಎಷ್ಟೋ ವರ್ಷ ನಾಟಕದಲ್ಲಿ ಹೆಣ್ಣಿನ ಪಾತ್ರ ಮಾಡಿದ್ದೇ ಗಂಡಸರು. ಮರಾಠಿ ರಂಗಭೂಮಿಯ ಬಾಲಗಂಧರ್ವರು ಉಟ್ಟ ಸೀರೆ, ಮುಡಿದ ಹೂವು ನೋಡಿ ಮನೆಯ ಹೆಣ್ಣುಮಕ್ಕಳು ಕಲಿಯುತ್ತಿದ್ದರು. ಇಂಥದ್ದೇ ಚಂದ ಎಂದು ಬೇರೆ ಯಾರೋ ತೀರ್ಮಾನ ಮಾಡುವುದು ಇವತ್ತಿನದಲ್ಲ.

ನಮ್ಮ ಊರಿನವರೇ ಆದ ಎಸ್.ಎಂ. ಪಂಡಿತರನ್ನು ನೆನಪಿಸಿಕೊಳ್ಳಿ. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದವರು. ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್, ಸಿನಿಮಾ ಪತ್ರಿಕೆಯ ಮುಖಪುಟ, ಕ್ಯಾಲೆಂಡರ್ ಚಿತ್ರ ಬರೆದರು. ನಾಟಕ ನೋಡಲು ನಾವು ಹೋಗುವ ರಂಗಮಂದಿರಕ್ಕೆ ಇರುವುದು ಅವರದೇ ಹೆಸರು. ಅವರ ಚಿತ್ರದ ಹೆಂಗಸರನ್ನು ನೋಡಿ. ತುಂಬಿದ ತೋಳು, ಅಗಲ ಸೊಂಟ, ದುಂಡು ಮುಖ. ಮೈಬಣ್ಣ ದೀಪ ಹಚ್ಚಿದ ಹಾಗೆ ಹೊಳೆಯುತ್ತದೆ. ಆ ಮೈಕಟ್ಟಿನ ಹುಡುಗಿ ಇವತ್ತು ಆಡಿಷನ್‌ಗೆ ಹೋದರೆ ಮೊದಲು ಹೇಳುವುದೇ ತೂಕ ಇಳಿಸು ಎಂದು. ಕ್ಯಾಲೆಂಡರಿನಲ್ಲಿ ಪೂಜೆ ಮಾಡಿದ ಮೈಯನ್ನೇ ಈಗ ಬೇಡ ಅನ್ನುತ್ತೇವೆ ಅಂದರೆ, ತಪ್ಪು ಮೈಯಲ್ಲಿಲ್ಲ ಅಲ್ವಾ.

ನಮ್ಮಜ್ಜಿಯ ಬಾಯಲ್ಲಿ ಇದ್ದ ಮಾತು "ಲಕ್ಷಣ". ಲಕ್ಷಣವಾಗಿದ್ದಾಳೆ ಅಂದರೆ ಇಡೀ ಆಳಿನ ಮಾತು. ನಡಿಗೆ, ನಗು, ಕಣ್ಣು ಎಲ್ಲ ಸೇರಿ. ಈಗಿನ ಹುಡುಗಿಯರು ಮುಖವನ್ನು ತುಂಡು ತುಂಡಾಗಿ ನೋಡುತ್ತಾರೆ. ದವಡೆ ಒಂದು, ತುಟಿ ಒಂದು, ಗಲ್ಲ ಒಂದು.

ಕಪ್ಪಗಿರುವವರಿಗೆ ಈಗ ಪರದೆ ಮೇಲೆ ಜಾಗ ಇದೆಯಾ?

ಮೊದಲಿಗಿಂತ ಜಾಸ್ತಿ ಇದೆ, ಸಾಲದು. ಉಮಾಶ್ರೀ ಅವರ ಬಣ್ಣ, ಎತ್ತರ ನೋಡಿ ನಾಯಕಿ ಅನ್ನುತ್ತಿದ್ದವರು ಎಷ್ಟು ಜನ ಇದ್ದರು? 2007ರ ಸಾಲಿನ ಅತ್ಯುತ್ತಮ ನಟಿ ರಾಷ್ಟ್ರ ಪ್ರಶಸ್ತಿ ಅವರಿಗೇ ಬಂತು. ಸಾಯಿ ಪಲ್ಲವಿ ಮೊಡವೆಯ ಕಲೆ ಕಾಣುವ ಕೆನ್ನೆಯಲ್ಲೇ ನಟಿಸಿದರು, ಬೆಳ್ಳಗಾಗುವ ಕ್ರೀಮಿನ ಜಾಹೀರಾತು ಬೇಡ ಅಂದರು. ನಮ್ಮ ಹುಡುಗಿಯರಿಗೆ ಅದು ತುಂಬಾ ದೊಡ್ಡ ಮಾತು.

ಜಾಹೀರಾತುಗಳೂ ಸ್ವಲ್ಪ ಬದಲಾದವು. ಕಪ್ಪಗಿದ್ದರೆ ಕೆಲಸ ಸಿಗಲ್ಲ, ಮದುವೆ ಆಗಲ್ಲ ಎಂದು ತೋರಿಸಬಾರದು ಎಂದು ಜಾಹೀರಾತು ಉದ್ಯಮದ ಮಂಡಳಿಯೇ 2014ರಲ್ಲಿ ನಿಯಮ ಮಾಡಿತು. 1975ರಿಂದ ಮಾರುತ್ತಿದ್ದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಅಂಗಡಿಯಲ್ಲಿ ನಮ್ಮ ಮಂದಿ ಇವತ್ತಿಗೂ ಹಳೇ ಹೆಸರು ಹೇಳಿಯೇ ಕೇಳುತ್ತಾರೆ.

ನನಗೆ ಹೊಟ್ಟೆ ಉರಿಯುವುದು ಒಂದು ವಿಷಯಕ್ಕೆ. ಕಪ್ಪು ಹುಡುಗಿಯ ಕಥೆ ಎಂದು ಸೀರಿಯಲ್ ಮಾಡುತ್ತಾರೆ. ಬೆಳ್ಳಗಿರುವ ನಟಿಯನ್ನು ಕರೆದು ಕಪ್ಪು ಬಣ್ಣ ಬಳಿಯುತ್ತಾರೆ. ಅಫಜಲಪುರದ ಕಡೆ, ಶಹಾಪುರದ ಕಡೆ ತೊಗರಿ ಹೊಲದಲ್ಲಿ ಕೆಲಸ ಮಾಡುವ ಹುಡುಗಿಯರ ಎಣ್ಣೆಗಪ್ಪು ಬಣ್ಣ ಇದೆಯಲ್ಲ, ಅದನ್ನು ಯಾವ ಡಬ್ಬಿಯಿಂದಲೂ ತರಲು ಆಗುವುದಿಲ್ಲ. ಬಣ್ಣ ಹಚ್ಚುವವಳಾಗಿ ಹೇಳುತ್ತಿದ್ದೇನೆ. ಹಚ್ಚಿದ ಕಪ್ಪು ಬೂದಿ ಬೂದಿ ಕಾಣುತ್ತದೆ.

ಮನೆಯಲ್ಲಿ ನಾವು ಆಡುವ ಮಾತನ್ನೂ ಕೇಳಿಸಿಕೊಳ್ಳಿ. "ಕರ್ರಗಿದ್ರೂ ಲಕ್ಷಣ ಅದಾಳ." ಹೊಗಳಿದೆವು ಅಂದುಕೊಳ್ಳುತ್ತೇವೆ. ಆ "ಇದ್ರೂ" ಅನ್ನುವುದನ್ನು ಹುಡುಗಿ ಜೀವನ ಪೂರ್ತಿ ಹೊತ್ತುಕೊಂಡು ತಿರುಗುತ್ತಾಳೆ.

ಮೊದಲು ಯಾವ ನಟಿಯೂ ಒಪ್ಪಿಕೊಳ್ಳುತ್ತಿರಲಿಲ್ಲ. ಈಗ ಹೇಗೆ ಹೇಳ್ತಾರೆ?

ಕಾಲ ಬದಲಾಗಿದೆ. ಹೇಳಿದವರಿಗೆ ಧೈರ್ಯವೂ ಬೇಕಿತ್ತು. ಶ್ರುತಿ ಹಾಸನ್ ಮೂಗಿನ ಸರ್ಜರಿ ಮಾಡಿಸಿಕೊಂಡಿದ್ದನ್ನು ತಾವೇ ಹೇಳಿದರು. ಇದು ನನ್ನ ಮುಖ, ಒಪ್ಪಿಕೊಳ್ಳಲು ನಾಚಿಕೆಯಿಲ್ಲ ಎಂದು 2020ರಲ್ಲಿ ಬರೆದರು. ಮಾಡಿಸಿಕೊಳ್ಳಿ ಎಂದು ಪ್ರಚಾರ ಮಾಡುವುದೂ ಇಲ್ಲ, ವಿರೋಧಿಸುವುದೂ ಇಲ್ಲ ಅಂದರು. ಪ್ರಿಯಾಂಕಾ ಚೋಪ್ರಾ 2021ರ ತಮ್ಮ ಆತ್ಮಕಥೆಯಲ್ಲಿ, ಮೂಗಿನೊಳಗೆ ಬೆಳೆದಿದ್ದ ಗಡ್ಡೆ ತೆಗೆಸುವಾಗ ಮೂಗಿನ ಸೇತುವೆಯೇ ಕುಸಿದು ಹೋದದ್ದನ್ನು, ಸರಿಪಡಿಸಲು ಮತ್ತೆ ಸರ್ಜರಿ ಬೇಕಾದದ್ದನ್ನು, ಕೈಗೆ ಬಂದಿದ್ದ ಸಿನಿಮಾ ಹೋದದ್ದನ್ನು ಬರೆದಿದ್ದಾರೆ.

ಇದರಿಂದ ನಮಗೇನು ಅಂತೀರಾ? ನಟಿ ಹೇಳದೇ ಇದ್ದಾಗ ಹುಡುಗಿಯರು ಅದನ್ನು ಹುಟ್ಟಿದ ಮೂಗು ಅಂದುಕೊಂಡು ತಮ್ಮ ಮೂಗನ್ನು ಬೈದುಕೊಳ್ಳುತ್ತಿದ್ದರು. ಹೇಳಿದ ಮೇಲೆ ಆ ಭಾರ ಇಳಿಯುತ್ತದೆ. ಗುಟ್ಟು ಒಡೆದದ್ದು ಒಳ್ಳೆಯದೇ ಆಯಿತು. ಮುಂಬೈನಲ್ಲಿ ಒಡೆದ ಗುಟ್ಟು ನಮ್ಮ ಊರಲ್ಲಿ ಇನ್ನೂ ಒಡೆದಿಲ್ಲ, ನನ್ನ ಚಿಂತೆ ಅದೇ.

ಪ್ಲಾಸ್ಟಿಕ್ ಸರ್ಜರಿ ಅಂದ್ರೆ ಒಳಗೆ ಪ್ಲಾಸ್ಟಿಕ್ ಇಡ್ತಾರಾ?

ಇಲ್ಲ. ಆಕಾರ ಕೊಡುವುದು ಎನ್ನುವ ಅರ್ಥದ ಗ್ರೀಕ್ ಮಾತಿನಿಂದ ಆ ಹೆಸರು ಬಂದಿದೆ. ಸುಟ್ಟ ಗಾಯ, ಆ್ಯಸಿಡ್ ದಾಳಿ, ಸೀಳುತುಟಿ ಸರಿಪಡಿಸುವುದೂ ಇದೇ ಡಾಕ್ಟರರ ಕೆಲಸ. ಸುಶ್ರುತನ ಕಾಲದಿಂದ ನಮ್ಮಲ್ಲಿ ಕತ್ತರಿಸಿದ ಮೂಗು ಕಟ್ಟುವ ವಿದ್ಯೆ ಇತ್ತು. ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಪರ ಎತ್ತು ಹೊಡೆಯುತ್ತಿದ್ದ ಕಾವಸ್ಜಿ ಎಂಬುವನ ಮೂಗನ್ನು ಟಿಪ್ಪುವಿನ ಸೈನಿಕರು ಕತ್ತರಿಸಿದ್ದರು. ಇಟ್ಟಿಗೆ ಮಾಡುವ ಜಾತಿಯ ಒಬ್ಬ ಪುಣೆ ಕಡೆ ಅವನ ಹಣೆಯ ಚರ್ಮ ಇಳಿಸಿ ಮೂಗು ಮಾಡಿದ. ಅದನ್ನು 1794ರಲ್ಲಿ ಲಂಡನ್ನಿನ ಪತ್ರಿಕೆ ಚಿತ್ರ ಸಮೇತ ಅಚ್ಚು ಹಾಕಿತು. ಹಾಗಾಗಿ "ಸರ್ಜರಿ" ಅಂದ ಕೂಡಲೇ ಮೂಗು ಮುರಿಯಬೇಡಿ.

ಬೊಟಾಕ್ಸ್ ಬೇರೆ, ಫಿಲ್ಲರ್ ಬೇರೇನಾ?

ಬೇರೆ ಬೇರೆ. ಬೊಟಾಕ್ಸ್ ಸ್ನಾಯುವನ್ನು ಕೆಲವು ಕಾಲ ಸುಮ್ಮನಿರಿಸುತ್ತದೆ, ಅದಕ್ಕೆ ಸುಕ್ಕು ಬೀಳುವುದಿಲ್ಲ. ಮೂರು ನಾಲ್ಕು ತಿಂಗಳಲ್ಲಿ ಅದರ ಶಕ್ತಿ ಇಳಿಯುತ್ತದೆ. ಫಿಲ್ಲರ್ ತುಟಿ, ಕೆನ್ನೆಗೆ ತುಂಬುವ ಜೆಲ್. ಅದು ತಪ್ಪಿ ರಕ್ತನಾಳದೊಳಗೆ ಹೋದರೆ ಚರ್ಮ ಸಾಯಬಹುದು, ಕಣ್ಣೇ ಹೋಗಬಹುದು. ಸಾಮಾನ್ಯವಾಗಿ ಹಾಕುವ ಫಿಲ್ಲರನ್ನು ಕರಗಿಸುವ ಔಷಧಿ ಇದೆ. ಅದು ಕೈಯಳತೆಯಲ್ಲಿ ಇಲ್ಲದ ಕಡೆ ಸೂಜಿ ಹಾಕಿಸಿಕೊಳ್ಳಬೇಡಿ. ಪಾರ್ಲರ್‌ನಲ್ಲಂತೂ ಬೇಡವೇ ಬೇಡ. ನನ್ನ ಪಾರ್ಲರ್‌ನಲ್ಲಿ ಸೂಜಿಗೆ ಜಾಗವಿಲ್ಲ.

ಬೊಜ್ಜು ತೆಗೆಸಿಕೊಂಡ್ರೆ ತೂಕ ಇಳೀತದಾ? ಒಂದೇ ದಿನದಲ್ಲಿ ಮನೆಗೆ ಬರಬಹುದಂತಲ್ಲ?

ಈ ಪ್ರಶ್ನೆ ಬಂದಾಗ ನನ್ನ ಕೈ ನಿಂತುಬಿಡುತ್ತದೆ. ಲೈಪೊಸಕ್ಷನ್ ತೂಕ ಇಳಿಸುವ ಚಿಕಿತ್ಸೆ ಅಲ್ಲ. ಊಟ, ವ್ಯಾಯಾಮಕ್ಕೆ ಕರಗದೆ ಒಂದು ಕಡೆ ಕುಳಿತ ಕೊಬ್ಬನ್ನು ಕೊಳವೆಯಿಂದ ಎಳೆದು ತೆಗೆಯುವುದು. ಕೊಬ್ಬಿನ ತುಣುಕು ರಕ್ತದಲ್ಲಿ ಸೇರಿ ಶ್ವಾಸಕೋಶಕ್ಕೆ ಹೋಗಬಹುದು, ರಕ್ತ ಹೆಪ್ಪುಗಟ್ಟಬಹುದು, ಶ್ವಾಸಕೋಶದಲ್ಲಿ ನೀರು ತುಂಬಬಹುದು.

2022ರ ಮೇ 16ರಂದು ಕನ್ನಡ ಸೀರಿಯಲ್ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋಗಿ ತೀರಿಕೊಂಡರು. ವಯಸ್ಸು ಬರೀ 21. ಅಪ್ಪ ಅಮ್ಮನಿಗೆ ಹೇಳದೆ ಹೋಗಿದ್ದರು ಎಂದು ಆಗ ಸುದ್ದಿಯಲ್ಲಿ ಬಂದಿತ್ತು. ತೆಲುಗು ಸಿನಿಮಾ ನೋಡುವ ಸೇಡಂ, ಚಿತ್ತಾಪುರದವರಿಗೆ ಆರತಿ ಅಗರ್ವಾಲ್ ಗೊತ್ತು. 2015ರ ಜೂನ್‌ನಲ್ಲಿ ಅಮೆರಿಕದಲ್ಲಿ 31ನೇ ವಯಸ್ಸಿಗೆ ಹೋದರು. ಕೆಲವು ವಾರ ಮುಂಚೆ ಇದೇ ಸರ್ಜರಿ ಆಗಿತ್ತು.

ಚೇತನಾ ಸುದ್ದಿ ಟಿವಿಯಲ್ಲಿ ಬಂದಾಗ ಪಾರ್ಲರ್‌ನಲ್ಲಿ ಒಬ್ಬರು, "ಇರೋದು ಸಾಲ್ದಾಗಿತ್ತಾ ಅಕಿಗಿ?" ಅಂದರು. ಆಗ ನನ್ನ ಮುಂದೆ ಕುಳಿತಿದ್ದ 19ರ ಹುಡುಗಿ ಕನ್ನಡಿಯಲ್ಲಿ ನನ್ನನ್ನೇ ನೋಡಿ ಕಣ್ಣು ಕೆಳಗೆ ಹಾಕಿದಳು. ಹಿಂದಿನ ವಾರವಷ್ಟೇ ಅವಳು ನನ್ನ ಹತ್ತಿರ ಹೈದರಾಬಾದಿನ ಒಂದು ಕ್ಲಿನಿಕ್ ಬಗ್ಗೆ ಕೇಳಿದ್ದಳು. ಆ ಬೈಗುಳ ಕೇಳಿದ ಮೇಲೆ ಅವಳು ಇನ್ನು ಯಾರಿಗೂ ಹೇಳುವುದಿಲ್ಲ ಎಂದು ನನಗೆ ಅನ್ನಿಸಿತು. ಅವತ್ತೇ ಅವಳನ್ನು ಒಳಗೆ ಕರೆದು ಚಹಾ ಕೊಟ್ಟು ಕೂರಿಸಿಕೊಂಡು ಮಾತಾಡಿದೆ. ಆಸೆಗಿಂತ ಗುಟ್ಟು ದೊಡ್ಡ ಅಪಾಯ. ಒಬ್ಬಳೇ ಹೋದರೆ ಕಾಗದ ಓದುವವರಿಲ್ಲ, ಪ್ರಶ್ನೆ ಕೇಳುವವರಿಲ್ಲ, ರಾತ್ರಿ ಉಸಿರು ಕಟ್ಟಿದರೆ ಎತ್ತಿಕೊಂಡು ಓಡುವವರಿಲ್ಲ.

ಬೆಳ್ಳಗಾಗೋ ಇಂಜೆಕ್ಷನ್, ಮೆಡಿಕಲ್‌ನಲ್ಲಿ ಸಿಗೋ ಟ್ಯೂಬ್ ಹಚ್ಚಬಹುದಾ?

ಬೇಡ. ನಮ್ಮ ಭಾಗದಲ್ಲಿ ಸರ್ಜರಿಗಿಂತ ಜಾಸ್ತಿ ಮುಖ ಹಾಳು ಮಾಡುತ್ತಿರುವುದು ಇದೇ. ಗ್ಲುಟಾಥಯೋನ್ ಇಂಜೆಕ್ಷನ್‌ಗೆ ಬಣ್ಣ ಬಿಳಿ ಮಾಡಲು ನಮ್ಮ ದೇಶದಲ್ಲಿ ಅನುಮತಿ ಇಲ್ಲ.

ಟ್ಯೂಬಿನ ಕಥೆ ಹೇಳುತ್ತೇನೆ. ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಜೇವರ್ಗಿ ಕಡೆಯ ಒಬ್ಬ ಹುಡುಗಿ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡೇ ಒಳಗೆ ಬಂದಳು. ಮದುವೆಗೆ 12 ದಿನ ಇತ್ತು. ಬಟ್ಟೆ ಸರಿಸಿದಾಗ ಕೆನ್ನೆ ಇಟ್ಟಿಗೆ ಕೆಂಪು, ಕೂದಲಿನೆಳೆಯಂಥ ರಕ್ತನಾಳ ಕಾಣುತ್ತಿದ್ದವು, ಗದ್ದದ ಮೇಲೆ ಕೂದಲು ಬಂದಿತ್ತು. ನಾನು ಹತ್ತಿಯಲ್ಲಿ ನೀರು ಮುಟ್ಟಿಸಿದರೂ ಹಲ್ಲು ಕಚ್ಚಿದಳು. "ಬಿಸಿಲಿಗಿ ಹೋದ್ರ ಉರೀಲತ್ತದ ಅಕ್ಕೋರೆ, ಬಿಟ್ರ ಇನ್ನೂ ಜಾಸ್ತಿ ಉರೀತದ" ಅಂದಳು. ಹಚ್ಚುತ್ತಿದ್ದದ್ದು ಸ್ಟೀರಾಯ್ಡ್ ಇದ್ದ ಟ್ಯೂಬ್. ಯಾವುದೋ ಮೆಡಿಕಲ್‌ನವರು ಚೀಟಿ ಕೇಳದೆ ಕೊಟ್ಟಿದ್ದರು. ಎಂಟು ತಿಂಗಳು ರಾತ್ರಿ ಮನೆಯವರು ಮಲಗಿದ ಮೇಲೆ ಹಚ್ಚಿದ್ದಾಳೆ.

ಇಂಥ ಟ್ಯೂಬ್ ಹಚ್ಚಿದ ಎರಡು ವಾರ ಮುಖ ಮಿಂಚುತ್ತದೆ. ಅದೇ ಮೋಸ. ಆಮೇಲೆ ಚರ್ಮ ತೆಳುವಾಗುತ್ತದೆ, ಬಿಟ್ಟರೆ ಉರಿ ಏಳುತ್ತದೆ, ಹೀಗಾಗಿ ಬಿಡಲು ಆಗುವುದಿಲ್ಲ. 2018ರಲ್ಲೇ ಸ್ಟೀರಾಯ್ಡ್ ಕ್ರೀಮುಗಳಲ್ಲಿ 14 ಬಗೆಯನ್ನು ಚೀಟಿ ಇಲ್ಲದೆ ಮಾರಬಾರದು ಎಂದು ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿತ್ತು. ಟ್ಯೂಬಿನ ಮೇಲೆ ಬೆಟಾಮೆಥಸೋನ್, ಕ್ಲೊಬೆಟಸಾಲ್, ಮೊಮೆಟಸೋನ್ ಎಂದು ಇದ್ದರೆ ಅದು ಸ್ಟೀರಾಯ್ಡ್. ಹೆಸರಿಲ್ಲದ ಡಬ್ಬಿಯ ಕ್ರೀಮ್ ಇನ್ನೂ ಅಪಾಯ. ಪಾದರಸ ಇದ್ದ ಕ್ರೀಮ್ ಹಚ್ಚಿ ಕಿಡ್ನಿ ಕಾಯಿಲೆ ಬಂದವರನ್ನು ಕೇರಳದ ಡಾಕ್ಟರರು ಗುರುತಿಸಿದ್ದಾರೆ. ಈಗಾಗಲೇ ಹಚ್ಚುತ್ತಿದ್ದರೆ, ಟ್ಯೂಬನ್ನೇ ಕೈಯಲ್ಲಿ ಹಿಡಿದುಕೊಂಡು ಚರ್ಮದ ಡಾಕ್ಟರ್ ಹತ್ತಿರ ಹೋಗಿ. ಹೇಗೆ ಬಿಡಿಸಬೇಕು ಎಂದು ಅವರಿಗೆ ಗೊತ್ತು.

ಆ ಹುಡುಗಿಯ ಮದುವೆಗೆ ನಾನು ಫೌಂಡೇಶನ್ ಹಚ್ಚಲಿಲ್ಲ. ಕಣ್ಣಿಗೆ ಕಾಡಿಗೆ, ತುಟಿಗೆ ಬಣ್ಣ, ತಲೆ ತುಂಬ ಮಲ್ಲಿಗೆ. ಅಷ್ಟೇ ಮಾಡಿ ಕಳಿಸಿದೆ.

ಇದೆಲ್ಲ ಹೆಣ್ಣುಮಕ್ಕಳದ್ದೇ ಸಮಸ್ಯೆ ಅಲ್ವಾ?

ಅಲ್ಲ. ಗಂಡುಮಕ್ಕಳು ಇನ್ನೂ ಗುಟ್ಟಾಗಿ ಹೋಗುತ್ತಾರೆ. ವರನಿಗೆ ಮೇಕಪ್ ಮಾಡುವಾಗ ಕ್ಯಾಪ್ ತೆಗೆದರೆ ತಲೆಯ ತುಂಬ ಕೆಂಪು ಚುಕ್ಕಿ. ಕೂದಲು ನಾಟಿ ಮಾಡಿಸಿಕೊಂಡು ಬಂದಿರುತ್ತಾನೆ, ಮನೆಯಲ್ಲಿ ಹೇಳಿರುವುದು ಆಫೀಸ್ ಕೆಲಸ ಎಂದು. ಇದೂ ಸರ್ಜರಿಯೇ. ತರಬೇತಿ ಇರುವ ಡಾಕ್ಟರರೇ ಮಾಡಬೇಕು, ಯೂಟ್ಯೂಬ್ ನೋಡಿ ಕಲಿತದ್ದು ಸಾಲದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಬಿಡಿಸಿ ಹೇಳಿದೆ. ರಜನಿಕಾಂತ್ ಬೋಳು ತಲೆಯಲ್ಲೇ ಸಭೆಗಳಿಗೆ ಬರುತ್ತಾರೆ, ಜನರ ಪ್ರೀತಿ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. ಇದನ್ನು ನಾನು ಹುಡುಗರಿಗೆ ಹೇಳುತ್ತಲೇ ಇರುತ್ತೇನೆ.

ಸೆಲ್ಫಿಯಲ್ಲಿ ನನ್ನ ಮೂಗು ದೊಡ್ಡದು ಬರ್ತದ. ಅದು ನಿಜಾನೇ ಅಲ್ವಾ?

ನಿಜ ಅಲ್ಲ. ಮೊಬೈಲನ್ನು ಒಂದು ಅಡಿ ದೂರ ಹಿಡಿದರೆ, ಐದು ಅಡಿ ದೂರದಿಂದ ತೆಗೆದ ಫೋಟೋಗಿಂತ ಮೂಗು ಶೇ. 30ರಷ್ಟು ಅಗಲ ಕಾಣುತ್ತದೆ ಎಂದು ಅಮೆರಿಕದ ಸರ್ಜನ್‌ಗಳು 2018ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ನಾನು ಪಾರ್ಲರ್‌ನಲ್ಲಿ ಕುರ್ಚಿಯಿಂದ ಐದು ಅಡಿ ದೂರಕ್ಕೆ ನೆಲದ ಮೇಲೆ ಟೇಪ್ ಅಂಟಿಸಿದ್ದೇನೆ. ಮೂಗಿನ ಮಾತು ಎತ್ತಿದವರಿಗೆ ಮೊದಲು ಸೆಲ್ಫಿ, ಆಮೇಲೆ ಆ ಟೇಪ್ ಹತ್ತಿರ ನಿಂತು ನಾನೇ ಒಂದು ಫೋಟೋ. ಎರಡನ್ನೂ ಪಕ್ಕ ಪಕ್ಕ ಇಟ್ಟು ತೋರಿಸಿದರೆ ಅರ್ಧ ಜನ ಸರ್ಜರಿಯ ಮಾತನ್ನೇ ಬಿಡುತ್ತಾರೆ.

ಮಾಡಿಸಿಕೊಳ್ಳಲೇಬೇಕು ಅಂತ ತೀರ್ಮಾನ ಮಾಡಿದ್ದೇನೆ. ಡಾಕ್ಟರ್ ಸರಿ ಇದ್ದಾರಾ ಅಂತ ಹೇಗೆ ನೋಡೋದು?

ಸರಿ, ಬಲ್ಲವರಂತೆ ಮಾಡಿಸಿಕೊಳ್ಳಿ. ಸರ್ಜರಿಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಆದವರು ಬೇಕು. ಚರ್ಮಕ್ಕೆ ಎಂ.ಡಿ. ಅಥವಾ ಡಿ.ಎನ್.ಬಿ. ಮಾಡಿದ ಚರ್ಮದ ಡಾಕ್ಟರ್. "ಕಾಸ್ಮೆಟಾಲಜಿಸ್ಟ್" ಎಂಬ ಬೋರ್ಡ್ ನೋಡಿ ಒಳಗೆ ಹೋಗಬೇಡಿ. ನೋಂದಣಿ ಸಂಖ್ಯೆ ಕೇಳಿ, ಕೇಳಿದ್ದಕ್ಕೆ ಸಿಟ್ಟಾದರೆ ಎದ್ದು ಬನ್ನಿ. ಕರ್ನಾಟಕದಲ್ಲಿ ಪ್ರತಿ ಖಾಸಗಿ ದವಾಖಾನೆಯೂ ಕೆ.ಪಿ.ಎಂ.ಇ., ಅಂದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಲ್ಲಿ ನೋಂದಣಿ ಆಗಿರಬೇಕು. ಅನುಮಾನ ಬಂದರೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಅರಿವಳಿಕೆ ಕೊಡಲು ಬೇರೆ ಡಾಕ್ಟರ್ ಇರುತ್ತಾರಾ, ಐಸಿಯು ಅದೇ ಕಟ್ಟಡದಲ್ಲಿ ಇದೆಯಾ ಎಂದು ಕೇಳಿ. ಕಲಬುರಗಿಯಿಂದ ಸೊಲ್ಲಾಪುರ 110 ಕಿ.ಮೀ., ಹೈದರಾಬಾದ್ 220 ಕಿ.ಮೀ. ಮೇಲೆ. ಮನೆಗೆ ಬಂದ ಮೇಲೆ ತೊಂದರೆಯಾದರೆ ಅಷ್ಟು ದೂರ ಮತ್ತೆ ಹೋಗಬೇಕು. ಅದಕ್ಕೆ ಸರ್ಜರಿ ಆದ ಮೇಲೆ ಎರಡು ಮೂರು ದಿನ ಆ ಊರಲ್ಲೇ ಉಳಿಯುವ ವ್ಯವಸ್ಥೆ ಮಾಡಿಕೊಂಡು ಹೋಗಿ.

ಮದುವೆಗೆ ಮುಂಚೆ ಪೀಲ್, ಲೇಸರ್ ಮಾಡಿಸಬಹುದಾ?

ಪೀಲ್ ಅಂದರೆ ಔಷಧಿ ಹಚ್ಚಿ ಮೇಲಿನ ಚರ್ಮ ಸುಲಿಸುವುದು. ಏಪ್ರಿಲ್, ಮೇ ಮದುವೆಗಾದರೆ ಬೇಡ. 42 ಡಿಗ್ರಿ ಬಿಸಿಲಲ್ಲಿ ಹೊಸ ಚರ್ಮ ಕಪ್ಪು ಕಲೆ ಹಿಡಿಯುತ್ತದೆ. ಮಾಡಿಸುವುದೇ ಆದರೆ ಚಳಿಗಾಲದಲ್ಲಿ, ಡಾಕ್ಟರ್ ಹತ್ತಿರ.

ಮಗಳು ಹಠ ಹಿಡಿದಾಳ. ನಾ ಏನ್ ಮಾಡ್ಲಿ?

ಮೊದಲು ಬೈಬೇಡಿ, ನಗಬೇಡಿ. ಯಾರು ಏನು ಅಂದರು ಎಂದು ಕೇಳಿ. ಬಹಳ ಸಲ ಕಾಲೇಜಿನ ಒಂದು ಮಾತು, ಇಲ್ಲ ನೋಡಲು ಬಂದ ವರನ ಕಡೆಯವರ ಒಂದು ಮಾತು ಒಳಗೆ ಕುಳಿತಿರುತ್ತದೆ. ದಿನಕ್ಕೆ ಗಂಟೆಗಟ್ಟಲೆ ಕನ್ನಡಿ ನೋಡುವುದು, ಹೊರಗೆ ಹೋಗಲು ಹೆದರುವುದು, ಊಟ ಬಿಡುವುದು ಕಂಡರೆ ಅದು ಮುಖದ ತೊಂದರೆ ಅಲ್ಲ, ಮನಸ್ಸಿನದು. ಸರ್ಜರಿಯಿಂದ ವಾಸಿ ಆಗುವುದಿಲ್ಲ. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅದೇನೂ ಇಲ್ಲ, ಯೋಚನೆ ಮಾಡಿಯೇ ಕೇಳುತ್ತಿದ್ದಾಳೆ, ವಯಸ್ಸೂ ಆಗಿದೆ ಅಂದರೆ ಡಾಕ್ಟರ್ ಹತ್ತಿರ ನೀವೇ ಜೊತೆಗೆ ಹೋಗಿ. ಹೆಚ್ಚು ಪ್ರಶ್ನೆ ನೀವೇ ಕೇಳಿ.

ಮಾಡಿಸಿಕೊಂಡಿದ್ದನ್ನು ಮೇಕಪ್ ಮಾಡುವವರಿಗೆ ಹೇಳಬೇಕಾ?

ಹೇಳಿ. ಫಿಲ್ಲರ್ ಹಾಕಿಸಿ ಎರಡು ವಾರ ಆಗಿಲ್ಲ ಅಂದರೆ ನಾನು ಆ ಜಾಗ ಒತ್ತುವುದಿಲ್ಲ, ಮಸಾಜ್ ಮಾಡುವುದಿಲ್ಲ. ಹೊಲಿಗೆ ಇದ್ದರೆ ಅದರ ಮೇಲೆ ಬಣ್ಣ ಹಚ್ಚುವುದಿಲ್ಲ. ಸ್ಟೀರಾಯ್ಡ್ ಟ್ಯೂಬ್ ಹಚ್ಚುತ್ತಿದ್ದೀರಿ ಎಂದು ತಿಳಿದರೆ ಬ್ಲೀಚ್ ಮುಟ್ಟುವುದಿಲ್ಲ. ಅತ್ತಿಗೆಯ ಮುಂದೆ ಹೇಳಲು ಆಗದಿದ್ದರೆ ಹಿಂದಿನ ದಿನ ಒಂದು ಮೆಸೇಜ್ ಹಾಕಿ. ಓದಿ ಅಳಿಸಿಬಿಡುತ್ತೇನೆ.